ಬಾಲಚಕ್ರದ ವಿಮಾನ: ರೆಕ್ಕೆಗಿಂತ ಮೊದಲು ಕಾಲು ನೋಡಿ

ಉಡುಪಿಯ ನನ್ನ ತಂಗಿಯ ಮಗಳು ಈಗ ಅಮೆರಿಕದ ಫ್ಲಾರಿಡಾದಲ್ಲಿ ಪೈಲಟ್ ತರಬೇತಿಯಲ್ಲಿದ್ದಾಳೆ. ಮೊನ್ನೆ ಒಂದು ಫೋಟೊ ಕಳಿಸಿದಳು. ಶೆಡ್ಡಿನ ಮುಂದೆ ಮೂರು ಪುಟ್ಟ ವಿಮಾನಗಳು. ಮೂರರದ್ದೂ ಮೂಗು ಆಕಾಶಕ್ಕೆ, ಬಾಲ ನೆಲಕ್ಕೆ. "ಮಾವ, ಟೇಲ್‌ವೀಲ್ ಕಲಿಯಬೇಕು ಅಂತ ಇದ್ದೇನೆ. ಹತ್ತು ಗಂಟೆ ಹಾರುವಷ್ಟು ದುಡ್ಡು ಉಂಟು. ಮೂರರಲ್ಲಿ ಯಾವುದು ತಗೊಳ್ಳಲಿ? ಹಳದಿಯದ್ದು ಭಾರಿ ಚಂದ ಉಂಟು."

ಹಳದಿಯದ್ದು ಪೈಪರ್ ಜೆ-3 ಕಬ್. ಚಂದ ಉಂಟು, ಅದರಲ್ಲಿ ಎರಡು ಮಾತಿಲ್ಲ. ಪಕ್ಕದಲ್ಲಿದ್ದದ್ದು ಸಿಟಾಬ್ರಿಯಾ, ಅದರಾಚೆ ಸೆಸ್ನಾ 140. ಫೋನಿನಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ನಿಲ್ಲುವ ವಿಷಯ ಇದು. ನಮ್ಮ ಜಿಲ್ಲೆಗಳಿಂದ ಬೆಂಗಳೂರಿನ ಜಕ್ಕೂರಿಗೆ, ಮೈಸೂರಿಗೆ, ಹೊರದೇಶಕ್ಕೆ ವಿಮಾನ ಕಲಿಯಲು ಹೋಗುವ ಮಕ್ಕಳು ಬಹಳ ಮಂದಿ ಇರುವುದರಿಂದ ಎಲ್ಲರಿಗೂ ಆಗುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಈ ವಿಮಾನ ಯಾಕೆ ಬೇರೆ ಎನ್ನುವುದು ತಿಳಿಯಬೇಕು. ವಿಮಾನ ನಿಲ್ದಾಣದಲ್ಲಿ ಲಗೇಜು ಹೇರುವ ಟ್ರಾಲಿಯನ್ನು ನೆನಪಿಸಿಕೊಳ್ಳಿ. ಹಿಂದಿನ ಎರಡು ಚಕ್ರ ನೇರಕ್ಕೆ ಮಾತ್ರ ಉರುಳುತ್ತವೆ, ಮುಂದಿನದು ಎತ್ತ ಬೇಕಾದರೂ ತಿರುಗುತ್ತದೆ. ಪೆಟ್ಟಿಗೆ ಹೇರಿ ಮುಂದಕ್ಕೆ ತಳ್ಳಿ ಕೈಬಿಟ್ಟರೆ ಅದು ನೆಟ್ಟಗೆ ಹೋಗುತ್ತದೆ. ಅದನ್ನೇ ಹಿಂದುಮುಂದು ಮಾಡಿ, ತಿರುಗುವ ಚಕ್ರ ಹಿಂದಾಗುವ ಹಾಗೆ ಜೋರಾಗಿ ತಳ್ಳಿಬಿಟ್ಟರೆ ನಾಲ್ಕು ಮಾರು ಹೋಗುವುದರೊಳಗೆ ಗಿರಕ್ಕನೆ ತಿರುಗಿಬಿಡುತ್ತದೆ. ಮೊದಲನೆಯದು ಮೂಗಿನಡಿ ಚಕ್ರವಿರುವ ವಿಮಾನ, ಇಂದಿನ ಬಹುಪಾಲು ಶಾಲೆಗಳಲ್ಲಿರುವ ಸೆಸ್ನಾ 172ರ ಹಾಗೆ. ಎರಡನೆಯದು ಬಾಲಚಕ್ರದ ವಿಮಾನ.

ಕಾರಣ ಇಷ್ಟೇ. ಬಾಲಚಕ್ರದ ವಿಮಾನದಲ್ಲಿ ಎರಡು ದೊಡ್ಡ ಚಕ್ರಗಳು ಗುರುತ್ವ ಕೇಂದ್ರಕ್ಕಿಂತ ಮುಂದಿರುತ್ತವೆ, ಭಾರ ಅವುಗಳ ಹಿಂದೆ ಇರುತ್ತದೆ. ಓಡುತ್ತಿರುವಾಗ ಮೂಗು ಸ್ವಲ್ಪ ಎಡಕ್ಕೆ ಓರೆಯಾಯಿತು ಅಂದುಕೊಳ್ಳಿ. ಟೈರುಗಳು ನೆಲ ಕಚ್ಚಿ ಮುಂಭಾಗವನ್ನು ಎಡಕ್ಕೇ ಎಳೆಯುತ್ತವೆ. ಹಿಂದಿನ ಭಾರವೋ ಮೊದಲು ಹೋಗುತ್ತಿದ್ದ ದಿಕ್ಕಿಗೇ ನುಗ್ಗುತ್ತದೆ. ಎರಡೂ ಸೇರಿ ಓರೆ ಇನ್ನಷ್ಟು ಓರೆಯಾಗುತ್ತದೆ. ಭಾರ ಚಕ್ರದ ಮುಂದಿದ್ದರೆ ಅದೇ ಬಲಗಳು ಮೂಗನ್ನು ನೆಟ್ಟಗೆ ಮಾಡುತ್ತಿದ್ದವು. ಓರೆ ಒಂದು ಮಿತಿ ದಾಟಿದ ಮೇಲೆ ಕಾಲಿನಿಂದ ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರನ್ನು ಎಷ್ಟು ಒತ್ತಿದರೂ ಸಾಲುವುದಿಲ್ಲ, ಬಾಲ ಮುಂದಕ್ಕೆ ಬಂದುಬಿಡುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ.

ನನಗೂ ಒಮ್ಮೆ ಆಗಿದೆ. ನಾನು ಕಲಿತದ್ದು ಘಟ್ಟದ ಮೇಲಿನ ಒಂದು ಕ್ಲಬ್ಬಿನ ಪುಷ್ಪಕ್ ವಿಮಾನದಲ್ಲಿ. ಅವತ್ತು ಮೂರೂ ಚಕ್ರ ಒಟ್ಟಿಗೆ ನೆಲ ಮುಟ್ಟಿದವು. ಅಷ್ಟು ನಯವಾದ ಲ್ಯಾಂಡಿಂಗ್ ಅಲ್ಲಿಯವರೆಗೆ ನನ್ನಿಂದ ಆಗಿರಲಿಲ್ಲ. ಇಳಿದಾಯಿತು ಎಂದುಕೊಂಡೆ. ಮೂಗು ಎಡಕ್ಕೆ ಒಂದು ಬೆರಳಷ್ಟು ಸರಿಯಿತು, ನಾನು ಬಲಗಾಲು ಒತ್ತಿದೆ, ಆದರೆ ತಡವಾಗಿ, ಒತ್ತಿದ ಮೇಲೆ ಎತ್ತಲೂ ತಡವಾಗಿ. ಮೂಗು ಬಲಕ್ಕೆ ಹೊರಳಿತು, ನಿಲ್ಲಲೇ ಇಲ್ಲ. ಎಡ ರೆಕ್ಕೆಯ ತುದಿ ನೆಲ ಕೆರೆದ ಸದ್ದು ಕೇಳಿಸಿತು. ಎಲ್ಲ ಸ್ತಬ್ಧವಾದಾಗ ನಾವು ಬಂದ ದಾರಿಯತ್ತಲೇ ನೋಡುತ್ತಾ ನಿಂತಿದ್ದೆವು, ರೆಕ್ಕೆಯ ತುದಿಯಲ್ಲಿ ಒಂದು ಹಿಡಿ ಹುಲ್ಲು ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಕೂತಿದ್ದ ಇನ್‌ಸ್ಟ್ರಕ್ಟರ್ ಬೈಯಲಿಲ್ಲ. "ನಿನ್ನ ಕಾಲು ಹಾರುವುದನ್ನು ನಿಲ್ಲಿಸಿದ್ದು ಯಾವಾಗ?" ಎಂದು ಮಾತ್ರ ಕೇಳಿದರು.

ಹಾಗಾದರೆ ಇದನ್ನು ಕಲಿಯುವುದು ಯಾಕೆ? ಭಾರತದ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ 200 ಗಂಟೆಗಳನ್ನು ಮೂಗುಚಕ್ರದ ವಿಮಾನದಲ್ಲೇ ಮುಗಿಸಬಹುದು, ಮುಂದೆ ಏರ್‌ಬಸ್ ಓಡಿಸುವವರಿಗೆ ಬಾಲಚಕ್ರ ಬೇಕಾಗಿಯೂ ಇಲ್ಲ. ಆದರೂ ಕಲಿಯಿರಿ ಎಂದೇ ನಾನು ಹೇಳುತ್ತೇನೆ. ಮೂಗುಚಕ್ರದ ವಿಮಾನ ನಿಮ್ಮ ಕಾಲಿನ ಸೋಮಾರಿತನವನ್ನು ಮುಚ್ಚಿಹಾಕುತ್ತದೆ. ಸ್ವಲ್ಪ ಅಡ್ಡವಾಗಿ ಇಳಿದರೂ ಅದೇ ಸರಿಯಾಗಿಬಿಡುತ್ತದೆ. ಬಾಲಚಕ್ರದ್ದು ಅಲ್ಲಿಯೇ ಲೆಕ್ಕ ಕೇಳುತ್ತದೆ. ನನ್ನ ಸೊಸೆ, ಅಂದರೆ ಈ ತಂಗಿಯ ಮಗಳು, ಚಿಕ್ಕವಳಿದ್ದಾಗ ಯಕ್ಷಗಾನ ಕಲಿತವಳು. ಅವಳಿಗೆ ಹೇಳಿದೆ, ಮೊದಲ ಆರು ತಿಂಗಳು ಗುರುಗಳು ಬರೀ ಹೆಜ್ಜೆ ಹಾಕಿಸಿದ್ದು ನೆನಪುಂಟಲ್ಲ, ಇದೂ ಹಾಗೆಯೇ. ತಾಳ ಬಿದ್ದಮೇಲೆ ಯೋಚಿಸಿ ಕಾಲೆತ್ತಿದರೆ ಆಗುವುದಿಲ್ಲ.

ಇದೇನು ಪರದೇಶದ ವಿದ್ಯೆಯೂ ಅಲ್ಲ. 1951ರ ಡಿಸೆಂಬರ್ 25ರಂದು ಮಂಗಳೂರಿನ ಬಜಪೆಯ ನಿಲ್ದಾಣ ಉದ್ಘಾಟನೆಗೆ ನೆಹರು ಬಂದಿಳಿದದ್ದು ಡಿಸಿ-3 ಡಕೋಟಾದಲ್ಲಿ. ಅದು ಬಾಲಚಕ್ರದ ವಿಮಾನ. ಅದೇ ವರ್ಷ ಬೆಂಗಳೂರಿನಲ್ಲಿ ವಿ.ಎಂ. ಘಾಟಗೆಯವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ಎಂಬ ತರಬೇತಿ ವಿಮಾನ ಮೊದಲ ಬಾರಿ ಹಾರಿತು. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲು ಹತ್ತಿದ್ದು ಅದನ್ನೇ, ಅದೂ ಬಾಲಚಕ್ರದ್ದು. 1958ರಲ್ಲಿ ಎಚ್‌ಎಎಲ್‌ನ ಪುಷ್ಪಕ್ ಬಂತು. ಅಕ್ಕಪಕ್ಕ ಎರಡು ಸೀಟು, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಬಟ್ಟೆ ಹೊದಿಸಿದ ಮೈ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರು ಹಾರಲು ಕಲಿತದ್ದು ಅದರಲ್ಲಿ. ಅಮೆರಿಕದಲ್ಲಿ ಈಗ ನಿಯಮವೇ ಬೇರೆ: 1991ರ ಏಪ್ರಿಲ್ 15ಕ್ಕಿಂತ ಮುಂಚೆ ಬಾಲಚಕ್ರದ ವಿಮಾನವನ್ನು ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ ಹಾರಿಸಿದವರನ್ನು ಬಿಟ್ಟು ಉಳಿದವರಿಗೆಲ್ಲ ಇದಕ್ಕೆಂದೇ ಪ್ರತ್ಯೇಕ ತರಬೇತಿ ಮತ್ತು ಇನ್‌ಸ್ಟ್ರಕ್ಟರ್ ಸಹಿ ಬೇಕು. ನನ್ನ ಸೊಸೆ ಹೋಗುತ್ತಿರುವುದು ಆ ಸಹಿಗೆ.

ಇನ್ನು ಆರಿಸುವ ವಿಷಯ. ಹೆಚ್ಚಿನವರು ಮೊದಲು ಕೇಳುವುದು ಎಂಜಿನ್ ಎಷ್ಟರದ್ದು ಎಂದು. ಉಳುವ ಹೋರಿ ಕೊಳ್ಳುವ ರೈತ ಮೊದಲು ಕಾಲು ನೋಡುತ್ತಾನೆ. ಇಲ್ಲಿಯೂ ಅದೇ ಸರಿ.

ಕಾಲು ಎಂದರೆ ಲ್ಯಾಂಡಿಂಗ್ ಗೇರ್. ಕಬ್‌ನ ಕಾಲಿಗೆ ರಬ್ಬರಿನ ಬಂಜಿ ಹುರಿ ಸುತ್ತಿರುತ್ತದೆ. ಇದೇ ಜಾತಿಯ ಇನ್ನೊಂದು ವಿಮಾನ, ಹಳೆಯ ಏರೊಂಕಾ ಚಾಂಪ್‌ನದ್ದು ಎಣ್ಣೆ ತುಂಬಿದ ಓಲಿಯೊ, ಅದು ಪೆಟ್ಟನ್ನು ನುಂಗಿಕೊಳ್ಳುತ್ತದೆ. ಸೆಸ್ನಾ 140ರದ್ದು ಉಕ್ಕಿನ ಸ್ಪ್ರಿಂಗ್ ಪಟ್ಟಿ. ಸ್ಪ್ರಿಂಗ್ ಗಟ್ಟಿ, ರಿಪೇರಿ ಕಡಿಮೆ, ಆದರೆ ನೀವು ಕೊಟ್ಟ ಪೆಟ್ಟನ್ನು ನಿಮಗೇ ವಾಪಸು ಕೊಡುತ್ತದೆ. ಒಂದಡಿ ಮೇಲಿನಿಂದ ಬಿದ್ದರೆ ಎರಡಡಿ ಪುಟಿಯಿತು ಎನ್ನಿಸುತ್ತದೆ. ಆಗ ಹೊಸಬರು ಮೂಗು ಏರಿಳಿಸುವ ಹಿಡಿಯನ್ನು ಮುಂದಕ್ಕೆ ತಳ್ಳುತ್ತಾರೆ, ಮುಂದಿನ ಪುಟಿತ ಇನ್ನೂ ಎತ್ತರಕ್ಕೆ ಹೋಗುತ್ತದೆ. ಇನ್ನೊಂದು ಗಮನಿಸಬೇಕಾದ್ದು ಚಕ್ರ ಎಷ್ಟು ಮುಂದಿದೆ ಎಂಬುದು. ತೀರಾ ಮುಂದಿದ್ದರೆ ಗ್ರೌಂಡ್ ಲೂಪ್ ಆಗುವ ಒಲವು ಹೆಚ್ಚು, ಹಿಂದಕ್ಕೆ, ಗುರುತ್ವ ಕೇಂದ್ರಕ್ಕೆ ಹತ್ತಿರವಿದ್ದರೆ ಬ್ರೇಕ್ ಒತ್ತಿದಾಗ ಮುಗ್ಗರಿಸಿ ಪ್ರೊಪೆಲ್ಲರ್ ನೆಲಕ್ಕೆ ತಾಗುತ್ತದೆ. ಸೆಸ್ನಾ 140 ಮುಗ್ಗರಿಸಬಾರದೆಂದು ಚಕ್ರವನ್ನು ಕೆಲವು ಇಂಚು ಮುಂದಕ್ಕೆ ಸರಿಸುವ ತುಂಡುಗಳನ್ನು ಹಲವು ಮಾಲೀಕರು ಸೇರಿಸಿರುತ್ತಾರೆ. ನಿಮಗೆ ಸಿಗುವ ವಿಮಾನದಲ್ಲಿ ಅದುಂಟೋ ಎಂದು ಕೇಳಿಕೊಳ್ಳಿ, ಎರಡು 140ಗಳು ನೆಲದ ಮೇಲೆ ಒಂದೇ ರೀತಿ ವರ್ತಿಸಲಿಕ್ಕಿಲ್ಲ.

ಬ್ರೇಕ್ ಹಿಮ್ಮಡಿಯದ್ದೋ ಪಾದದ ತುದಿಯದ್ದೋ ನೋಡಿ. ಕಬ್ ಮತ್ತು ಚಾಂಪ್‌ಗಳಲ್ಲಿ ಹಿಮ್ಮಡಿಯಿಂದ ಒತ್ತುವ ಚಿಕ್ಕ ಪೆಡಲ್, ಸಿಟಾಬ್ರಿಯಾದಲ್ಲಿ ಪಾದದ ತುದಿಯಿಂದ. ಹಿಮ್ಮಡಿ ಬ್ರೇಕು ಅಷ್ಟು ಸುಲಭದಲ್ಲಿ ಸಿಗುವುದಿಲ್ಲ. ಕಲಿಯುವವರಿಗೆ ಅದು ಒಳ್ಳೆಯದೆಂದೇ ನನ್ನ ಅಭಿಪ್ರಾಯ, ರಡ್ಡರ್ ಒತ್ತಲು ಹೋಗಿ ಬ್ರೇಕು ತಗಲುವ ಅಪಾಯ ಕಡಿಮೆ.

ತೂಕ ಮತ್ತು ವೇಗದ ಮಾತು ಬಂದಾಗ ಲೆಕ್ಕವನ್ನೇ ಮಾಡಿಬಿಡೋಣ. ಪೂರ್ತಿ ಭಾರ ಹೇರಿದ ಕಬ್ 553 ಕಿಲೊ, ಸ್ಟಾಲ್ ವೇಗ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದ ವೇಗ, ಗಂಟೆಗೆ ಸುಮಾರು 61 ಕಿ.ಮೀ. ಸಿಟಾಬ್ರಿಯಾ 748 ಕಿಲೊ, ಸುಮಾರು 82 ಕಿ.ಮೀ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ನೆಲ ಮುಟ್ಟುವಾಗ ಸಿಟಾಬ್ರಿಯಾ ಹೊತ್ತು ತರುವ ಶಕ್ತಿ ಕಬ್‌ನ ಸುಮಾರು ಎರಡೂವರೆ ಪಟ್ಟು. ಅಷ್ಟನ್ನೂ ನಿಮ್ಮ ಎರಡು ಪಾದಗಳು ನೇರವಾಗಿ ಹಿಡಿದಿಡಬೇಕು. ಹಗುರ ವಿಮಾನದಲ್ಲಿ ತಪ್ಪು ನಿಧಾನವಾಗಿ ಬೆಳೆಯುತ್ತದೆ, ಸರಿಪಡಿಸಲು ಒಂದು ಉಸಿರಿನಷ್ಟು ಸಮಯ ಸಿಗುತ್ತದೆ. ಕಲಿಯುವವರಿಗೆ ಬೇಕಾದ್ದು ಆ ಉಸಿರು. ಅದಕ್ಕೇ 150 ಅಶ್ವಶಕ್ತಿಯ ಸೂಪರ್ ಕಬ್, ಕಸರತ್ತಿಗೆಂದೇ ಗಟ್ಟಿಮುಟ್ಟು ಮಾಡಿದ ಡೆಕಾಥ್ಲಾನ್ ಇವೆಲ್ಲ ಎರಡನೇ ಸುತ್ತಿಗಿರಲಿ.

ಆದರೆ ಹಗುರ ವಿಮಾನ ಹೆಚ್ಚು ಹೊರುವುದಿಲ್ಲ. ಕಬ್‌ನ ಖಾಲಿ ತೂಕ ಸುಮಾರು 347 ಕಿಲೊ, ಉಳಿಯುವುದು 206. ಟ್ಯಾಂಕ್ ತುಂಬ ಪೆಟ್ರೋಲಿಗೆ 33 ಕಿಲೊ ಕಳೆಯಿರಿ. ಇಬ್ಬರಿಗೂ ಸೇರಿ 173. ದಶಕಗಳ ಕಾಲ ಬಣ್ಣ, ತೇಪೆ, ರೇಡಿಯೊ ಎಂದು ಸೇರಿಸಿದ ವಿಮಾನ ಫ್ಯಾಕ್ಟರಿಯ ತೂಕದಲ್ಲಿ ಉಳಿದಿರುವುದಿಲ್ಲ, ಆದ್ದರಿಂದ ಆ ವಿಮಾನದ್ದೇ ತೂಕದ ಕಾಗದ ಕೇಳಿ ನೋಡಬೇಕು. ಇನ್‌ಸ್ಟ್ರಕ್ಟರ್ ತೊಂಬತ್ತೈದು ಕಿಲೊದವರಾದರೆ ಕಬ್ ಆಸೆ ಬಿಡುವುದೇ ಒಳ್ಳೆಯದು.

ಸೀಟಿನ ವಿಷಯ ಹೊರಗಿನಿಂದ ಚಿಕ್ಕದಾಗಿ ಕಾಣುತ್ತದೆ, ಒಳಗೆ ಕೂತಾಗ ಅದೇ ದೊಡ್ಡದು. ಕಬ್‌ನಲ್ಲಿ ಒಬ್ಬರೇ ಹಾರುವಾಗ ಹಿಂದಿನ ಸೀಟಿನಲ್ಲಿ ಕೂರಬೇಕು, ಮುಂದೆ ಕೂತರೆ ತೂಕದ ಸಮತೋಲ ಸರಿಯಾಗುವುದಿಲ್ಲ. ಹಾಗಾಗಿ ವಿದ್ಯಾರ್ಥಿ ಹಿಂದೆ, ಇನ್‌ಸ್ಟ್ರಕ್ಟರ್ ಮುಂದೆ. ಎದುರಿಗೆ ಕಾಣುವುದು ಅವರ ಬೆನ್ನು, ಅದರಾಚೆ ಎತ್ತಿದ ಮೂಗು. ರನ್‌ವೇ ಎಲ್ಲಿದೆ ಎಂದು ಎರಡು ಅಂಚುಗಳಿಂದ ಊಹಿಸಿಕೊಳ್ಳಬೇಕು, ನೆಲದ ಮೇಲೆ ಹೋಗುವಾಗ ಹಾವಿನ ಹಾಗೆ ಅತ್ತಿತ್ತ ತಿರುಗಿಸುತ್ತಾ ನೋಡಬೇಕು. ಚಾಂಪ್ ಮತ್ತು ಸಿಟಾಬ್ರಿಯಾದಲ್ಲಿ ವಿದ್ಯಾರ್ಥಿ ಮುಂದೆ, ಮೂಗಿನ ಮೇಲಿಂದ ದಾರಿ ಸಾಕಷ್ಟು ಕಾಣುತ್ತದೆ. ಸೆಸ್ನಾ 140ರಲ್ಲಿ ಅಕ್ಕಪಕ್ಕ. ಅಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮ ಪಾದವನ್ನೂ ಮುಖವನ್ನೂ ಒಟ್ಟಿಗೆ ನೋಡಬಲ್ಲರು, ನೀವು ಅವರ ಪಾದ ನೋಡಿ ಕಲಿಯಬಹುದು. ಪುಷ್ಪಕ್‌ನಲ್ಲಿ ನಾನು ಅರ್ಧ ಕಲಿತದ್ದು ಪಕ್ಕದ ಪಾದಗಳನ್ನು ನೋಡಿಯೇ.

ಎಂಜಿನ್ನಿನ ಬಗ್ಗೆ ಎರಡು ವಿಷಯ, ಎರಡೂ ಹವೆಗೆ ಸೇರಿದವು. ಮೊದಲನೆಯದು ಬಿಸಿಲು. ಬಜಪೆ ಸಮುದ್ರಮಟ್ಟದಿಂದ ನೂರು ಮೀಟರಿನಷ್ಟೇ ಎತ್ತರ, ಆದರೂ 33 ಡಿಗ್ರಿಯ ಮಧ್ಯಾಹ್ನ ಅಲ್ಲಿನ ಗಾಳಿ ಸುಮಾರು 2,500 ಅಡಿ ಎತ್ತರದ ಗಾಳಿಯಷ್ಟು ತೆಳ್ಳಗಿರುತ್ತದೆ. 3,000 ಅಡಿ ಎತ್ತರದ ಜಕ್ಕೂರಿನಲ್ಲಿ 30 ಡಿಗ್ರಿಗೆ ಅದು 5,500 ಅಡಿಯಾಗುತ್ತದೆ. ಕಬ್‌ನ 65 ಅಶ್ವಶಕ್ತಿಯ ಎಂಜಿನ್ ಅಲ್ಲಿ 55ರ ಆಸುಪಾಸಿಗೆ ಇಳಿದಿರುತ್ತದೆ. ಇಬ್ಬರನ್ನು ಹೊತ್ತು ಏರುವುದು ಬಹಳ ನಿಧಾನ. ಕರಾವಳಿಗೆ ಸಾಕಾಗುವ ವಿಮಾನ ಘಟ್ಟದ ಮೇಲೆ ಸಾಲದೇ ಹೋಗಬಹುದು. ಅಲ್ಲಿ ನೂರರ ಮೇಲಿನ ಎಂಜಿನ್ ಕೇಳಿ.

ಎರಡನೆಯದು ತೇವ. ಈ ಹಳೆಯ ಎಂಜಿನ್ನುಗಳಲ್ಲಿ ಗಾಳಿಗೆ ಪೆಟ್ರೋಲು ಬೆರೆಸುವುದು ಕಾರ್ಬ್ಯುರೇಟರ್. ಪೆಟ್ರೋಲು ಆವಿಯಾಗುವಾಗ ಒಳಗಿನ ಗಾಳಿ ಇಪ್ಪತ್ತು ಡಿಗ್ರಿಗೂ ಮೀರಿ ತಣ್ಣಗಾಗುತ್ತದೆ. ನಮ್ಮಂಥ ತೇವದ ಊರಿನಲ್ಲಿ, ಬೆವರು ಸುರಿಯುವ ದಿನದಲ್ಲೂ, ಇಳಿಯಲೆಂದು ಥ್ರಾಟಲ್ ಕಡಿಮೆ ಮಾಡಿದಾಗ ಒಳಗೆ ಮಂಜುಗಡ್ಡೆ ಕಟ್ಟಬಹುದು. ಕಾಂಟಿನೆಂಟಲ್‌ನ ಸಣ್ಣ ಎಂಜಿನ್ನುಗಳಲ್ಲಿ ಇದು ಹೆಚ್ಚು. ಲೈಕಮಿಂಗ್ ಕಂಪೆನಿಯ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಬಿಸಿ ಎಣ್ಣೆಯ ತೊಟ್ಟಿಗೆ ಅಂಟಿಕೊಂಡಿರುವುದರಿಂದ ಕಡಿಮೆ. ಮಂಗಳೂರಿನ ಸೆಕೆಯಲ್ಲಿ ಮಂಜುಗಡ್ಡೆ ಎಂದರೆ ಮನೆಯವರು ನಂಬುವುದಿಲ್ಲ, ಆದರೆ ಒಳಗೆ ಬಿಸಿ ಗಾಳಿ ಬಿಡುವ ಕಾರ್ಬ್ಯುರೇಟರ್ ಹೀಟ್‌ನ ಹಿಡಿಯನ್ನು ಎಳೆಯುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಪ್ರೊಪೆಲ್ಲರ್ ತಿರುಗುವ ದಿಕ್ಕಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಅಮೆರಿಕದ ಎಂಜಿನ್ನುಗಳ ಪ್ರೊಪೆಲ್ಲರ್ ಕಾಕ್‌ಪಿಟ್‌ನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಥ್ರಾಟಲ್ ಕೊಟ್ಟಾಗ, ಬಾಲ ಎದ್ದಾಗ, ಮೂಗು ಎಡಕ್ಕೆ ಎಳೆಯುತ್ತದೆ. ಬಲಗಾಲು ಸದಾ ಕೆಲಸದಲ್ಲಿರಬೇಕು. ಟೈಗರ್ ಮಾತ್‌ನಂಥ ಬ್ರಿಟಿಷ್ ವಿಮಾನದ ಜಿಪ್ಸಿ ಮೇಜರ್ ಎಂಜಿನ್ ತಿರುಗುವುದು ಉಲ್ಟಾ. ಒಂದರಲ್ಲಿ ಪಳಗಿದ ಕಾಲನ್ನು ಇನ್ನೊಂದಕ್ಕೆ ಹಾಗೆಯೇ ತೆಗೆದುಕೊಂಡು ಹೋದರೆ ಮೊದಲ ಟೇಕಾಫ್‌ನಲ್ಲೇ ಎಡವಟ್ಟಾಗುತ್ತದೆ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಆ ವಿಮಾನದ ಮೈ. ಈ ವಿಮಾನಗಳಲ್ಲಿ ಹಲವು ಎಪ್ಪತ್ತು ದಾಟಿದವು. ಸೆಸ್ನಾ 140 ಬಿಟ್ಟರೆ ಉಳಿದವು ಉಕ್ಕಿನ ಕೊಳವೆಗಳನ್ನು ಬೆಸುಗೆ ಹಾಕಿ ಮಾಡಿದ ಹಂದರ, ಮೇಲೆ ಬಟ್ಟೆ. ಬಾಲ ಕೆಳಗಿರುವುದರಿಂದ ಒಳಗೆ ಬಂದ ನೀರೆಲ್ಲ ಹಿಂದಕ್ಕೆ ಹರಿದು ಕೆಳಗಿನ ಕೊಳವೆಗಳ ಸುತ್ತ ನಿಲ್ಲುತ್ತದೆ. ಉಪ್ಪುಗಾಳಿ ಏನು ಮಾಡುತ್ತದೆಂದು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮಲ್ಪೆಯಲ್ಲಿ ಮನೆಯ ಗೇಟಿನ ಕೆಳಗಿನ ಸರಳು ಮೊದಲು ಹೋಗುತ್ತದೆ, ಮೇಲಿನದಲ್ಲ. ಬಾಲಚಕ್ರದ ಹತ್ತಿರ ಬಗ್ಗಿ, ಬಟ್ಟೆಯ ಕೆಳಗಿನ ತೂತುಗಳು ತೆರೆದಿವೆಯೇ ನೋಡಿ. ಅಂಚಿಗೆ ಬೆರಳು ಸವರಿ. ಕಂದು ಕಲೆ, ಬಣ್ಣ ಉಬ್ಬಿದ ಗುಳ್ಳೆ ಇದ್ದರೆ ಒಳಗಿನದನ್ನು ಮೆಕ್ಯಾನಿಕ್ ನೋಡುವವರೆಗೆ ಹತ್ತಬೇಡಿ. ಪೈಪರ್‌ಗಳಲ್ಲಿ ರೆಕ್ಕೆಗೆ ಆನಿಸಿದ ಓರೆ ಕಂಬಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ; ಅದಕ್ಕೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ತಪಾಸಣೆಯನ್ನು ಕಡ್ಡಾಯ ಮಾಡಿದೆ, ಆ ತಪಾಸಣೆಯ ದಾಖಲೆ ಕೇಳಿ. ಚಾಂಪ್ ಮತ್ತು ಹಳೆಯ ಸಿಟಾಬ್ರಿಯಾಗಳ ರೆಕ್ಕೆಯ ಸ್ಪಾರ್, ಅಂದರೆ ಒಳಗಿನ ಮುಖ್ಯ ತೊಲೆ, ಮರದ್ದು, ಅದಕ್ಕೂ ಬಿರುಕು ಹುಡುಕುವ ಕಡ್ಡಾಯ ತಪಾಸಣೆಯುಂಟು, ಮುಖ್ಯವಾಗಿ ರೆಕ್ಕೆಯ ತುದಿ ಎಂದಾದರೂ ನೆಲಕ್ಕೆ ಬಡಿದಿದ್ದರೆ. ನಾನು ಹುಲ್ಲು ಕೆರೆದ ಪುಷ್ಪಕ್‌ಗೂ ಆ ನಂತರ ಇಡೀ ರೆಕ್ಕೆ ಬಿಚ್ಚಿ ನೋಡಿದ್ದರು.

ಗಾಳಿಯ ಮಾತು ಕೊನೆಗಿಟ್ಟಿದ್ದೇನೆ, ಯಾಕೆಂದರೆ ಅದು ವಿಮಾನಕ್ಕಿಂತ ಹೆಚ್ಚಾಗಿ ಜಾಗದ ವಿಷಯ. ಬಜಪೆಯ ರನ್‌ವೇ 24 ಎಂದರೆ ಮೂಗು 240 ಡಿಗ್ರಿಗೆ. ಮಧ್ಯಾಹ್ನದ ಪಡುಗಾಳಿ ಸ್ವಲ್ಪ ಬಡಗಿಗೆ ವಾಲಿ 300 ಡಿಗ್ರಿಯಿಂದ ಹತ್ತು ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ಬೀಸುತ್ತಿದೆ ಎಂದುಕೊಂಡರೆ, ನಡುವಿನ ಕೋನ 60 ಡಿಗ್ರಿ; ಅಡ್ಡಗಾಳಿ ಎಂಟೂಮುಕ್ಕಾಲು ನಾಟ್ ಹತ್ತಿರ. ಕಬ್‌ನಂಥ ಹಗುರ ವಿಮಾನದಲ್ಲಿ ಮೊದಲ ವಾರ ಕಲಿಯುವವರಿಗೆ ಅಷ್ಟು ಬೇಡ. ಕರಾವಳಿಯಲ್ಲಿ ಎಲ್ಲಿ ಕಲಿತರೂ, ಫ್ಲಾರಿಡಾವೂ ಕರಾವಳಿಯೇ, ಬೆಳಗಿನ ಏಳರಿಂದ ಒಂಬತ್ತರ ಹೊತ್ತು ಕೇಳಿಕೊಳ್ಳಿ. ಕೊನೆಯ ಎರಡು ಗಂಟೆಗಳನ್ನು ಮಾತ್ರ ಬೇಕೆಂದೇ ಮಧ್ಯಾಹ್ನಕ್ಕೆ ಇಡಿ. ಹುಲ್ಲಿನ ರನ್‌ವೇ ಸಿಕ್ಕರೆ ಬಿಡಬೇಡಿ, ಹುಲ್ಲಿನ ಮೇಲೆ ಟೈರು ಸ್ವಲ್ಪ ಜಾರುವುದರಿಂದ ಓರೆ ಅಷ್ಟು ಬೇಗ ಬೆಳೆಯುವುದಿಲ್ಲ.

ಇಲ್ಲಿ ಕ್ಲಬ್ಬು ಕಟ್ಟುವ ಯೋಚನೆಯಲ್ಲಿರುವವರಿಗೆ ಒಂದು ಮಾತು: ಈ ಎಂಜಿನ್ನುಗಳಿಗೆ ಬೇಕಾದ ವಿಮಾನ ಪೆಟ್ರೋಲು ಏವ್‌ಗ್ಯಾಸ್ 2022ರವರೆಗೆ ಪೂರ್ತಿ ಹೊರದೇಶದಿಂದ ಬರುತ್ತಿತ್ತು, ಆ ವರ್ಷ ಇಂಡಿಯನ್ ಆಯಿಲ್ ವಡೋದರಾದಲ್ಲಿ ತಯಾರಿ ಶುರುಮಾಡಿದೆ. ವಿಮಾನ ಕೊಳ್ಳುವ ಮೊದಲು ಅದು ನಿಮ್ಮ ಜಾಗಕ್ಕೆ ಹೇಗೆ ತಲುಪುತ್ತದೆ ಎಂದು ಖಚಿತ ಮಾಡಿಕೊಳ್ಳಿ.

ಸೊಸೆಗೆ ನಾನು ಕೊಟ್ಟ ಉತ್ತರ ಹೀಗಿತ್ತು. ಏನೂ ಬಾರದವಳಾಗಿದ್ದರೆ ಎಲ್ಲಿಂದಾದರೂ ಒಂದು ಚಾಂಪ್ ಹುಡುಕು ಎನ್ನುತ್ತಿದ್ದೆ: ಕಬ್‌ನಷ್ಟೇ ಹಗುರ, ಮುಂದಿನ ಸೀಟು, ನುಂಗಿಕೊಳ್ಳುವ ಕಾಲು. ನೀನು ಆಗಲೇ ಎಂಬತ್ತು ಗಂಟೆ ಹಾರಿದವಳು, ಮೂರರಲ್ಲಿ ಸಿಟಾಬ್ರಿಯಾ ತಗೋ. ಕಬ್ ಇಷ್ಟವಾದರೆ ಅದೂ ಆಗಬಹುದು, ಆದರೆ ಮೊದಲು ಬಾಲದ ಕೆಳಗೆ ಬೆರಳು ಸವರಿ ನೋಡು.

ಮರುದಿನ ಇನ್ನೊಂದು ಫೋಟೊ ಬಂತು. ವಿಮಾನ ಕಾಣುತ್ತಿರಲಿಲ್ಲ, ಅವಳ ತೋರುಬೆರಳು ಮಾತ್ರ, ತುದಿಯಲ್ಲಿ ಕಂದು ಪುಡಿ. "ಹಳದಿಯದ್ದು ಮಾವ. ತೋರಿಸಿದೆ. ಅವರು ಅದನ್ನು ಶೆಡ್ಡಿನ ಒಳಗೆ ತಗೊಂಡು ಹೋಗಿ ಬಟ್ಟೆ ಕತ್ತರಿಸಿ ನೋಡ್ತಾ ಇದ್ದಾರೆ." ಸಿಟಾಬ್ರಿಯಾದಲ್ಲಿ ನಾಲ್ಕು ಗಂಟೆ ಮುಗಿಸಿದ ಮೇಲೆ ಬಂದದ್ದು ಒಂದೇ ಸಾಲು: "ಬಲಗಾಲಿನ ಮೀನಖಂಡ ಇಷ್ಟು ನೋಯುತ್ತದೆ ಅಂತ ನೀವು ಹೇಳಿರಲಿಲ್ಲ."